ಕೌಂಟರಿನ ಪಾಲು ತಿಂದವರು ಯಾರು?

ವಿಮಾ ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ಜರಡಿ ಅಕ್ಕ ಎನ್ನುತ್ತಿದ್ದರು. ನೆಲಮಹಡಿಯ ತಣ್ಣನೆ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ ದಿನವಿಡೀ ಓಡುವ ಕೆಲಸಗಳನ್ನು ಜರಡಿ ಹಿಡಿದು, ಇದು ಕೌಂಟರಿನದು, ಇದು ಲೆಕ್ಕಪತ್ರದ್ದು, ಇದು ಹೊಸ ಪ್ರೋಗ್ರಾಮುಗಳ ಪರೀಕ್ಷೆಯದು ಎಂದು ಗುಂಪು ಮಾಡಿ, ಯಾವ ಗುಂಪು ಯಂತ್ರವನ್ನು ಎಷ್ಟು ತಿಂದಿತೆಂದು ವರದಿ ಕೊಡುವುದು ಅವಳ ಕೆಲಸ. ಎಲ್ಲಿಗೂ ಸೇರದ್ದು 'ಇತರೆ'ಗೆ ಹೋಗುತ್ತಿತ್ತು. ಆ 'ಇತರೆ'ಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಮನೆಯಲ್ಲೂ ಅದೇ ಬುದ್ಧಿ. ಗಂಡ ತಡವಾಗಿ ಬಂದರೆ ಮುಖಕ್ಕಿಂತ ಮೊದಲು ಅವನ ಚಪ್ಪಲಿಗೆ ಅಂಟಿದ ಮಣ್ಣು ನೋಡುವವಳು. "ನಿಮ್ಮಪ್ಪ ನಿನ್ನ ಪೊಲೀಸ್ ಕೆಲಸಕ್ಕೆ ಸೇರಿಸಿದ್ರೆ ನಾನು ಬಚಾವಾಗ್ತಿದ್ದೆ ಕಣೇ" ಎಂದು ಅವನು ನಗುತ್ತಿದ್ದ. ಅವಳು ಆ ನಗುವನ್ನೂ ನಂಬುತ್ತಿರಲಿಲ್ಲ.

ಹೀಗಿರುವಾಗ ಕೌಂಟರುಗಳು ನಿಧಾನವಾಗತೊಡಗಿದವು. ಗುಮಾಸ್ತೆ ಗುಂಡಿ ಒತ್ತಿ ಕೂತರೆ ಪರದೆ ಕದಲುತ್ತಿರಲಿಲ್ಲ. ಸಾಲಿನಲ್ಲಿ ನಿಂತವರು ರೇಗುತ್ತಿದ್ದರು. ಯಂತ್ರದಲ್ಲಿ ಮೊದಲ ಪಾಳಿ ಕೌಂಟರಿನ ಗುಂಪಿಗೇ; ಅದರ ಕೆಲಸ ಮುಗಿದ ಮೇಲಷ್ಟೇ ಉಳಿದ ಗುಂಪುಗಳದು. ಆದರೂ ನಿಧಾನವೆಂದರೆ, ಬೇರೆ ಯಾರೋ ಆ ಗುಂಪಿನೊಳಗೆ ನುಸುಳಿದ್ದಾರೆ ಎಂದಾಯಿತಲ್ಲ!

ಅವಳ ಅನುಮಾನವೆಲ್ಲ ಪರೀಕ್ಷೆ ವಿಭಾಗದ ಹುಡುಗನ ಮೇಲೆ. ಕೇಳಿದ್ದಕ್ಕಷ್ಟೇ ಉತ್ತರ, ಉಳಿದಂತೆ ಬಾಯಿಗೆ ಬೀಗ. ಗುಮ್ಮನಗುಸುಕ ಎಂದು ಅವಳೇ ಹೆಸರಿಟ್ಟಿದ್ದಳು. ಅವನನ್ನು ಹಿಡಿಯಲೆಂದು, ಅದೇ ಯಂತ್ರದಲ್ಲಿ ದಿನಕ್ಕೊಮ್ಮೆ ಓಡಿಸುತ್ತಿದ್ದ ವರದಿಯನ್ನು ಗಂಟೆಗೊಮ್ಮೆ ಓಡಿಸಿದಳು. ಕೌಂಟರು ಇನ್ನೂ ನಿಧಾನವಾಯಿತು. ನೋಡಿದೆಯಾ ಇವನ ಧೈರ್ಯ ಎಂದು ಹಲ್ಲು ಕಡಿದು, ಗುಂಪುಗಳೊಳಗೆ ಒಳಗುಂಪು ಮಾಡಿ, ಹತ್ತು ನಿಮಿಷಕ್ಕೊಮ್ಮೆ ಓಡಿಸಿದಳು. ಕೌಂಟರು ನಿಂತೇಹೋಯಿತು.

"ಇವನದೇ ಕೆಲಸ ಸಾರ್, ಬೇರೆ ಯಾರೂ ಅಲ್ಲ" ಎಂದು ಮ್ಯಾನೇಜರ ಕಿವಿಗೂ ಹಾಕಿದಳು.

ಮ್ಯಾನೇಜರ್ ಹುಡುಗನನ್ನು ದೂರದ ಶಾಖೆಗೆ ಎತ್ತಂಗಡಿ ಮಾಡಲು ಹೊರಟರು. ಅವನ ಹೆಂಡತಿ ತುಂಬು ಬಸುರಿ. ವಿಷಯ ತಿಳಿದು ಜರಡಿ ಅಕ್ಕ ಒಂದು ಗಳಿಗೆ ಹಿಂಜರಿದಳು, ನಿಜ. ಆದರೂ ಸಾಕ್ಷಿ ಕೈಲಿರಲೆಂದು ಒಂದು ಬಲೆ ಹೂಡಿದಳು. ಕೌಂಟರಿನ ಗುಂಪಿನಲ್ಲಿದ್ದೂ ಕೌಂಟರಿನವರು ಓಡಿಸದ ಕೆಲಸಗಳಿಗೆ ವರದಿಯಲ್ಲಷ್ಟೇ ಬೇರೆ ಹೆಸರು ಕೊಟ್ಟಳು. ಪಾಳಿ ಬದಲಾಗುವುದಿಲ್ಲವಾದ್ದರಿಂದ ಕಳ್ಳನಿಗೆ ಸುಳಿವು ಸಿಗುವಂತಿರಲಿಲ್ಲ.

ಎತ್ತಂಗಡಿಯ ಸಭೆಗೆ ಮುಂಚೆ ಬಲೆ ಎತ್ತಿ ನೋಡಿದಳು. ಸಿಕ್ಕಿದ್ದು ಒಂದೇ ಕೆಲಸ: ಅವಳ ವರದಿ!

ಆಗ ನೆನಪಾಯಿತು. ಯಾವಾಗಲೋ ಒಮ್ಮೆ ಬೆಳಗಿನ ಸಭೆಗೆ ವರದಿ ತಯಾರಾಗದೆ ಬೈಸಿಕೊಂಡಾಗ, ಬೇಗ ಮುಗಿಯಲೆಂದು ಅವಳೇ ಅದನ್ನು ಕೌಂಟರಿನ ಗುಂಪಿಗೆ ಸೇರಿಸಿದ್ದಳು. ಎಲ್ಲರ ಪಾಲು ಅಳೆಯುವ ವರದಿಯ ಪಾಲನ್ನು ಅಳೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಹುಡುಕಿದಷ್ಟೂ ಅದು ತಿಂದಿತ್ತು.

ವರದಿಯನ್ನು ಕೊನೆಯ ಪಾಳಿಗೆ ತಳ್ಳಿ ಸಭೆಗೆ ಹೋದಳು. ಹುಡುಗ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಇವರದೇನೂ ತಪ್ಪಿಲ್ಲ ಸಾರ್. ಕೌಂಟರಿನ ಪಾಲು ತಿಂದಿದ್ದು ನನ್ನ ವರದಿ."

ಮ್ಯಾನೇಜರ್ ಅವಳನ್ನು ಎಲ್ಲರೆದುರು ಚೆನ್ನಾಗಿ ಉಗಿದರು. ಎತ್ತಂಗಡಿ ನಿಂತಿತು.

ಹೊರಗೆ ಮೆಟ್ಟಿಲ ಹತ್ತಿರ ಹುಡುಗನನ್ನು ತಡೆದಳು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ನಿಮ್ಮ ವರದಿ ಓಡ್ದಾಗೆಲ್ಲ ನನ್ನ ಕೆಲಸಾನೂ ನಿಲ್ತಿತ್ತು."

"ಮತ್ತೆ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ನಂಬ್ತಿದ್ರಾ?"

ಅವಳು ತನ್ನನ್ನೇ ಕೇಳಿಕೊಂಡಳು. ಖಂಡಿತ ನಂಬುತ್ತಿರಲಿಲ್ಲ. ಕಳ್ಳ ಜಾರಿಕೊಳ್ಳುತ್ತಿದ್ದಾನೆಂದು ವರದಿಯನ್ನು ಐದು ನಿಮಿಷಕ್ಕೊಮ್ಮೆ ಓಡಿಸುತ್ತಿದ್ದಳು. ಅವಳಿಗೆ ಬಹಳ ನಾಚಿಕೆಯಾಯಿತು.

ಆ ಸಂಜೆ ಗಂಡ ತಡವಾಗಿ ಬಂದ. ಅವಳು ಚಪ್ಪಲಿಯತ್ತ ನೋಡದೆ, "ಕೈಕಾಲು ತೊಳ್ಕೊಳ್ಳಿ, ಊಟಕ್ಕೆ ಹಾಕ್ತೀನಿ" ಎಂದಳು.

ಅವನು ಬಾಗಿಲಲ್ಲೇ ನಿಂತುಬಿಟ್ಟ. ಅವಳನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳಿದ: "ನಿಜ ಹೇಳು, ಏನ್ ಮಾಡ್ಕೊಂಡು ಬಂದಿದೀಯ?"