ಬಿಸಿ ಸ್ಲೈಡಿನ ಸಾಕ್ಷಿ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಸೊಳ್ಳೆಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ದಿನಗೂಲಿಯಲ್ಲೇ ಸೂಕ್ಷ್ಮದರ್ಶಕಕ್ಕೆ ಕಣ್ಣು ತೇಯ್ದವಳು. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ, ಅವಳಷ್ಟು ಚುರುಕು ಕಣ್ಣು ನಮ್ಮ ಡಾಕ್ಟರೇಟು ಪಡೆದವರಲ್ಲಿ ಒಬ್ಬರಿಗೂ ಇರಲಿಲ್ಲ. ಆ ವರ್ಷ ಒಂದೇ ಒಂದು ಕಾಯಂ ಹುದ್ದೆ ಬಂದಿತ್ತು. ಅದು ಅವಳದೇ ಎಂದು ಗೋಡೆಗಳಿಗೂ ಗೊತ್ತಿತ್ತು. ಅವಳ ನಂತರದ ಸರದಿ ನನ್ನದು.

ನನಗೆ ಕೆಲಸ ಕಲಿಸಿದವಳೂ ಅವಳೇ. ಮಲೇರಿಯಾ ಜೀವಿಯ ಗಂಡು ಕೋಶ ನಮ್ಮ ರಕ್ತದಲ್ಲಿರುವಾಗ ತೆಪ್ಪಗಿರುತ್ತದೆ. ಸೊಳ್ಳೆ ಹೀರಿದ ರಕ್ತ ತಣ್ಣಗಾಯಿತೋ, ಎದ್ದುಬಿಡುತ್ತದೆ. ಹದಿನೈದು ನಿಮಿಷದೊಳಗೆ ತನ್ನ ವಂಶವಾಹಿಗಳನ್ನು ಮೂರು ಸಲ ಇಮ್ಮಡಿಸಿಕೊಂಡು, ಬಾಲ ಬಡಿಯುವ ಎಂಟು ಗಂಡುಗಳಾಗಿ ಸಿಡಿಯುತ್ತದೆ. ಹೆಣ್ಣು ಒಡೆಯುವುದಿಲ್ಲ, ಕಾಯುತ್ತದೆ. "ಇಲ್ಲೂ ಕಾಯೋದು ನಮ್ಮ ಪಾಲಿಗೇ ಬಂತು ನೋಡು" ಎಂದು ನಗುತ್ತಿದ್ದಳು. ಪ್ರತಿ ಸ್ಲೈಡನ್ನೂ ಮುಂಗೈಗೆ ತಾಗಿಸಿ, ತಣ್ಣಗಿದೆಯೇ ಎಂದು ನೋಡಿಕೊಂಡೇ ಕಣ್ಣಿಡುವುದು ಅವಳ ಪದ್ಧತಿ. ಬೇರೆ ಯಾರಿಗೂ ಅಷ್ಟು ತಾಳ್ಮೆ ಇರಲಿಲ್ಲ.

ಹೊಸದಾಗಿ ಬಂದ ವಿಜ್ಞಾನಿ ಸಾಹೇಬರು ಒಂದು ಪ್ರೋಟೀನು ತೆಗೆದುಹಾಕಿದ ಮಲೇರಿಯಾ ಜೀವಿಯನ್ನು ತಯಾರಿಸಿದ್ದರು. ಅದಿಲ್ಲದೆ ಗಂಡು ಒಡೆಯುವುದೇ ಇಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದ್ದರು. ಒಂದು ಬೆಳಿಗ್ಗೆ ಅಕ್ಕ ಅವರ ಸ್ಲೈಡು ಮುಟ್ಟಿದಳು. ಬಿಸಿಯಾಗಿತ್ತು. ಸ್ಲೈಡಿನಡಿಯ ಹೀಟರ್ ಪ್ಲೇಟನ್ನು ಸಾಹೇಬರು ಚಳಿಗೆಂದು ದಿನಾ ಹಾಕಿಡುತ್ತಿದ್ದುದನ್ನು ನಾನೂ ಕಂಡಿದ್ದೆ. ಮೈಬಿಸಿಯಲ್ಲಿ ಯಾವ ಗಂಡೂ ಒಡೆಯದು. ಅಕ್ಕ ಅದೇ ರಕ್ತವನ್ನು ತಣ್ಣಗಾಗಿಸಿ ನನ್ನನ್ನು ಕರೆದಳು. ನೋಡಿದೆ. ಆ ಪ್ರೋಟೀನಿಲ್ಲದೆಯೂ ಬಾಲಗಳು ಪಟಪಟ ಬಡಿಯುತ್ತಿದ್ದವು.

ಸಾಹೇಬರ ಮಾನ ಉಳಿಯಲಿ ಎಂದು ಅವರೊಬ್ಬರಿಗೇ ಮೆತ್ತಗೆ ಹೇಳಿದಳು. ಪೆದ್ದಿ. ಮರುದಿನ ಸಾಹೇಬರು ನಿರ್ದೇಶಕರ ಮುಂದೆ, ಪ್ಲೇಟು ಹಾಕಿಟ್ಟು ವರ್ಷದ ಕೆಲಸ ಹಾಳುಮಾಡಿದವಳು ಇವಳೇ ಎಂದರು. ತಪ್ಪು ಕಂಡುಹಿಡಿದವರೂ ತಾವೇ ಎಂದರು. ಅಕ್ಕ ನನ್ನತ್ತ ಕೈ ತೋರಿದಳು. ಸಾಹೇಬರು ಪ್ಲೇಟು ಹಾಕಿದ್ದನ್ನು, ಅಕ್ಕ ಬಾಲಗಳನ್ನು ತೋರಿಸಿದ್ದನ್ನು ನೀನು ನೋಡಿದ್ದೀಯಾ ಎಂದು ನಿರ್ದೇಶಕರು ಕೇಳಿದರು.

"ನಾನು ನೋಡಿಲ್ಲ ಸಾರ್" ಎಂದೆ.

ಮಧ್ಯಾಹ್ನವೇ ಅವಳನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮೆಟ್ಟಿಲ ಬಳಿ ನನಗಾಗಿ ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಮುಖದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. ನನ್ನ ಮಾತು ಕೇಳಿ ತನ್ನ ಕಣ್ಣಿನ ಮೇಲೆ ಅವಳಿಗೇ ಅನುಮಾನ ಹುಟ್ಟಿತ್ತು.

"ಬಾಲ ಆಡ್ತಿದ್ದಿದ್ದು ನೀನೂ ನೋಡಿದೆ ಅಲ್ವೇನೋ? ನಂಗೊಬ್ಬಳಿಗೇ ಹೇಳು, ಸಾಕು."

ಅಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಇಲ್ಲಕ್ಕ, ನಂಗೇನೂ ಕಾಣಲಿಲ್ಲ" ಎಂದೆ. ಹುದ್ದೆಯ ಆದೇಶ ಇನ್ನೂ ನನ್ನ ಕೈಗೆ ಬಂದಿರಲಿಲ್ಲ.