ಡ್ರೈವರ್ ಕಾಕ ಕಂಡ ಹಿಮ

ಅವರ ಎಡಗೈ ಬಲಗೈಗಿಂತ ಎರಡು ಪಾಲು ಕಪ್ಪಾಗಿತ್ತು. ಒಮಾನಿನಲ್ಲಿ ಸ್ಟಿಯರಿಂಗ್ ಎಡಗಡೆ. ಇಪ್ಪತ್ತೊಂಬತ್ತು ವರ್ಷ ಕಿಟಕಿಗೆ ಮೊಣಕೈ ಊರಿ ಗಾಡಿ ಓಡಿಸಿದರೆ ಬಿಸಿಲು ಒಂದೇ ಕೈಯನ್ನು ಸುಡುತ್ತದೆ. ಊರಿಗೆ ಹೋದಾಗ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಬಿಚ್ಚುತ್ತಿರಲಿಲ್ಲವಂತೆ. "ಮನೆಯವಳು ಕೈ ನೋಡಿದ್ರೆ ಕಣ್ಣೀರು ಹಾಕ್ತಾಳೆ ಸರ್, ಮತ್ತೆ ಊಟ ಸೇರುದಿಲ್ಲ" ಎನ್ನುತ್ತಿದ್ದರು.

ಮಸ್ಕತ್ತಿನ ರೂವಿಯಲ್ಲಿದ್ದ ನಮ್ಮ ಆಫೀಸಿಗೆ ಅವರು ಡ್ರೈವರು. ವಿಟ್ಲದ ಕಡೆಯ ಬ್ಯಾರಿ, ಎಲ್ಲರಿಗೂ ಕಾಕ. ಗಾಡಿ ಹತ್ತಿದವರು ತಿಂಡಿ ತಿಂದಿದ್ದಾರೋ ಇಲ್ಲವೋ ಎಂದು ವಿಚಾರಿಸದೆ ಗೇರ್ ಹಾಕಿದ್ದನ್ನು ನಾನು ಕಾಣೆ. ತಿಂದಿಲ್ಲವೆಂದರೆ ಖರ್ಜೂರದ ಡಬ್ಬಿ ಹಿಂದಕ್ಕೆ ಬರುತ್ತಿತ್ತು. ಮ್ಯಾನೇಜರ್ ಬೈದರೂ ಅದೇ, ಹೊಗಳಿದರೂ ಅದೇ, "ಖಲಾಸ್, ಮುಗೀತಲ್ಲ, ಹೋಗುವ."

ಒಂದೇ ಒಂದು ವಿಷಯದಲ್ಲಿ ಅವರು ಸೋತಿದ್ದರು. ಬಂದ ಹೊಸದರಲ್ಲಿ ಎಂಟು ಜನರ ಕೋಣೆಯಲ್ಲಿ ಮಲಗುತ್ತಾ, ತನಗೆ ಎಸಿ ಇರುವ ಬೇರೆ ರೂಮಿದೆಯೆಂದು ಹೆಂಡತಿಗೆ ಹೇಳಿದ್ದರು. ಜೊತೆಗಿದ್ದವನೊಬ್ಬ ಊರಿಗೆ ಮರಳಿ ಎಲ್ಲವನ್ನೂ ಬಾಯಿಬಿಟ್ಟ. ಅಂದಿನಿಂದ ಆಕೆ ಇವರ ಯಾವ ಮಾತನ್ನೂ ನಂಬಲಿಲ್ಲ. ಜ್ವರ ವಾಸಿಯಾಯಿತೆಂದರೂ ಇಲ್ಲ, ಹೊಟ್ಟೆ ತುಂಬ ಉಂಡೆನೆಂದರೂ ಇಲ್ಲ. "ಒಂದು ಸಲವಾದ್ರೂ ನಾನು ನಿಜ ಹೇಳಿದ್ದು ಅಂತ ಅವಳ ಬಾಯಲ್ಲಿ ಬರ್ಬೇಕು ಸರ್" ಎಂದು ಆಗಾಗ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಆಗಾಗ ಹೇಳುತ್ತಿದ್ದರು.

ನಾನೂ ಅವರೂ ಗಲ್ಫಿನ ಭಾಷೆಯಲ್ಲಿ ಬ್ಯಾಚುಲರ್‌ಗಳು. ಇಲ್ಲಿ ಮೂರು ಮಕ್ಕಳ ತಂದೆಯಾದರೂ, ಹೆಂಡತಿ ಊರಲ್ಲಿದ್ದರೆ ನೀವು ಬ್ಯಾಚುಲರ್. ಒಳ್ಳೆಯ ಕಟ್ಟಡದಲ್ಲಿ ಮನೆ ಕೊಡುವುದಿಲ್ಲ. ನನ್ನ ಹೆಂಡತಿ ಮೈಸೂರಿನಲ್ಲಿ ಟೀಚರ್. ಅವಳಿಗೆ ರಜೆ ಸಿಗುವುದು ಮಸ್ಕತ್ ಬೆಂಕಿಯಾಗುವ ಮೇ ತಿಂಗಳಲ್ಲಿ. ಚಳಿಗಾಲದ ಚೆಂದವೆಲ್ಲ ನನ್ನೊಬ್ಬನ ಪಾಲಿಗೆ. ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ.

ಆ ವರ್ಷ ಜೆಬೆಲ್ ಶಮ್ಸ್ ಬೆಟ್ಟದ ಮೇಲೆ ಹಿಮ ಬಿದ್ದಿದೆಯೆಂದು ಗುರುವಾರ ಯಾರೋ ವಿಡಿಯೋ ಕಳಿಸಿದರು. ಶುಕ್ರವಾರ ಬೆಳಿಗ್ಗೆಯೇ ಆಫೀಸಿನ ಎರಡು ಗಾಡಿ ಹೊರಟವು. ಐದು ಜೋಡಿ, ಮತ್ತೆ ನಾನು. ಕಾಕನ ಪಕ್ಕದ ಸೀಟು ನನಗೆ. ಹಿಂದೆ ಒಂದೇ ಶಾಲು ಹೊದ್ದವರ ಪಿಸುಮಾತು, ಕಿಸಿಕಿಸಿ ನಗು.

ಬೆಟ್ಟದಲ್ಲಿ ಹಿಮವೇನೋ ಇತ್ತು. ಕಲ್ಲಿನ ದಾರಿಯ ಮೇಲೆ ಪಾದ ಮುಚ್ಚುವಷ್ಟು. ಜೋಡಿಗಳು ಕೈಹಿಡಿದು ಜಾರುತ್ತಾ, ಕಿರುಚುತ್ತಾ ನಡೆದವು. ನಾನು ಜಾರಿದಾಗ ಮುಳ್ಳುಗಿಡವನ್ನು ಹಿಡಿದುಕೊಂಡೆ. ಒಂಟಿಯಾಗಿ ಬಂದವನ ಕೆಲಸ ಏನೆಂದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು.

"ಸರ್, ಒಂದು ಫೋಟೋ, ಪ್ಲೀಸ್."

"ಇನ್ನೊಂದು ಸರ್, ಇವಳು ಕಣ್ಣು ಮುಚ್ಚಿದ್ಳು."

ತಿರುವು ತಿರುವಿಗೂ ಯಾರದೋ ಫೋನು ನನ್ನ ಕೈಗೆ. ಗ್ಲೌಸ್ ಹಾಕಿದರೆ ಫೋನು ಬೆರಳಿನ ಮಾತು ಕೇಳುವುದಿಲ್ಲ, ತೆಗೆದರೆ ಬೆರಳು ಮರಗಟ್ಟುತ್ತದೆ. ನನ್ನದೊಂದು ತೆಗೆಯಲೇ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬಾರದು.

ಹಿಂದಿನಿಂದ ಏದುಸಿರು ಕೇಳಿಸಿತು. ಗಾಡಿಯಲ್ಲೇ ಇರಬೇಕಾಗಿದ್ದ ಕಾಕ, ಫ್ಲಾಸ್ಕ್ ಹಿಡಿದು, ತಲೆಗೆ ಟವೆಲ್ ಸುತ್ತಿಕೊಂಡು ಬರುತ್ತಿದ್ದರು. "ಎಂಥ ಸರ್, ಒಬ್ಬರೇ ಹೋಗುದಾ? ಬಿದ್ರೆ ಎತ್ಲಿಕ್ಕೆ ಜನ ಬೇಡ್ವಾ?"

ಹಿಮವನ್ನು ಅವರು ಕಂಡದ್ದು ಅದೇ ಮೊದಲು. ಬೊಗಸೆಯಲ್ಲಿ ಎತ್ತಿ ಮೂಸಿದರು, ನಾಲಿಗೆಗೆ ತಾಗಿಸಿದರು. ಒಂದು ಹಿಡಿಯನ್ನು ಫೋಟೋ ತೆಗೆದು ಅಲ್ಲಿಂದಲೇ ಹೆಂಡತಿಗೆ ಕಳಿಸಿದರು. ತಕ್ಷಣ ಬ್ಯಾರಿ ಭಾಷೆಯಲ್ಲಿ ಆಕೆಯ ವಾಯ್ಸ್ ಮೆಸೇಜ್ ಬಂತು. ಕೇಳಿ ಗಹಗಹಿಸಿದರು. "ಇದು ಮೀನು ಮಾರ್ಕೆಟಿನ ಐಸ್, ನನ್ನನ್ನು ಮಂಗ ಮಾಡ್ಬೇಡಿ ಅಂತಾಳೆ ಸರ್." ಆಮೇಲೆ ನಗು ನಿಂತಿತು. ಟವೆಲ್ ಬಿಚ್ಚಿ ತಲೆ ನೀವಿಕೊಂಡು, ಬಿಳಿ ಬೆಟ್ಟಕ್ಕೆ ಬೆನ್ನು ಹಾಕಿ ನೆಟ್ಟಗೆ ನಿಂತರು. "ನಂದೊಂದು ತೆಗೀತೀರಾ? ಕಾಲಿನಿಂದ ತಲೆವರೆಗೆ ಬರ್ಬೇಕು. ಆಗ ನಂಬ್ತಾಳೆ."

ನಲವತ್ತನೆಯದೋ ಐವತ್ತನೆಯದೋ ಫೋಟೋ ಅದಾಗಬೇಕಿತ್ತು. "ಸಾಕು ಕಾಕ! ನಾನೇನು ಸ್ಟುಡಿಯೋ ಇಟ್ಟಿದ್ದೇನಾ?" ಎಂದು ಕಿರುಚಿದೆ. ಜೋಡಿಗಳ ಮೇಲಿನ ಸಿಟ್ಟು, ಮೈಸೂರಿನ ಮೇಲಿನ ಸಿಟ್ಟು, ಎಲ್ಲವೂ ಆ ಮನುಷ್ಯನ ತಲೆಯ ಮೇಲೆ ಬಿತ್ತು.

ಅವರು ಮತ್ತೆ ಟವೆಲ್ ಸುತ್ತಿಕೊಂಡು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಲೋಟದ ಸುತ್ತ ನನ್ನ ಎರಡೂ ಕೈಗಳನ್ನು ಇಟ್ಟರು. "ಬೆರಳು ನೋಡಿ, ನೀಲಿಯಾಗಿದೆ. ಕುಡೀರಿ. ಬರುವ ವರ್ಷ ನೋಡುವ, ಇನ್ಶಾ ಅಲ್ಲಾ." ಫೋಟೋಗೆಂದು ಬೇರೆಯವರನ್ನು ಕೇಳುವ ಜಾಯಮಾನ ಅವರದಲ್ಲ. ಇಳಿಯುವಾಗ ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದರು. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಕಾಕ ಜುಮ್ಮಾ ನಮಾಜಿಗೆ ಹೊರಟವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ಮಣ್ಣೂ ಮಸ್ಕತ್ತಿನಲ್ಲೇ ಆಯಿತು.

ರಜೆಯಲ್ಲಿ ವಿಟ್ಲದ ಕಾಕನ ಮನೆಗೆ ಹೋದೆ. ಹೋಗುವ ಮೊದಲು ಐದೂ ಜೋಡಿಗಳನ್ನು ಕಾಡಿ ಬೇಡಿ ಆ ದಿನದ ಫೋಟೋಗಳನ್ನು ತರಿಸಿಕೊಂಡಿದ್ದೆ. ಮಗಳು ಚಹಾ ತಂದಿಟ್ಟಳು. ತಾಯಿ ಬಾಗಿಲ ಬಳಿ ಕುರ್ಚಿ ಎಳೆದು ಕುಳಿತರು. "ಅವರು ಹೇಳಿದ್ದು ನಿಜ, ಅಲ್ಲಿ ಹಿಮ ಬಿದ್ದಿತ್ತು, ನಾನೂ ಇದ್ದೆ" ಎಂದು ಫೋನು ಕೊಟ್ಟೆ.

ಆಕೆ ಕನ್ನಡಕ ಹಾಕಿಕೊಂಡು ನೋಡಿದರು. ನೋಡುತ್ತ ನೋಡುತ್ತ ಮುಖ ಅರಳಿತು. "ಹೌದಲ್ಲಾ! ನಿಜವೇ ಹೇಳಿದ್ದಾರೆ, ಪಾಪ." ಆಮೇಲೆ ಒಂದೊಂದೇ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಜೋಡಿಗಳ ಹಿಂದೆ, ಬಂಡೆಗಳ ಪಕ್ಕ, ಮೂಲೆ ಮೂಲೆಯನ್ನೂ ನೋಡತೊಡಗಿದರು.

"ಇದ್ರಲ್ಲಿ ಇವರೆಲ್ಲಿ ಸರ್?"

"ನನ್ನ ಪಕ್ಕದಲ್ಲೇ ಇದ್ದರು."

"ಮತ್ತೆ ನೀವು ಯಾಕೆ ತೆಗೀಲಿಲ್ಲ?"

"ನನಗೆ ಸಿಟ್ಟು ಬಂದಿತ್ತು" ಎಂದೆ.

ಆಕೆ ಫೋನನ್ನು ಹಿಂದಕ್ಕೆ ಕೊಡಲಿಲ್ಲ. ಮೊದಲ ಫೋಟೋಗೆ ಹೋಗಿ ಮತ್ತೆ ಹುಡುಕತೊಡಗಿದರು.