ಕರೆಂಟ್ ಹೋದಾಗಿನ ಪಾಠ

ಸಿಟ್ಟು ಬಂದಾಗ ಏನನ್ನೂ ಬರೆಯಬೇಡಿ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ ಇಂಗ್ಲಿಷ್ ಮಾಸ್ತರ ನಾನು. ಈಗ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಮ್ಮೂರ ಗ್ರಂಥಾಲಯದ ಯಶೋಧರಾಳ ಬಗ್ಗೆ ತಣ್ಣಗೆ ಕೂತು ಬರೆಯುವುದು ನನ್ನಿಂದ ಆಗುವ ಮಾತಲ್ಲ. ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ, ಅದನ್ನೂ ಹೇಳುತ್ತೇನೆ.

ನಮ್ಮೂರು ಜೇವರ್ಗಿಯಿಂದ ನೆಲೋಗಿಗೆ ಹೋಗುವ ದಾರಿಯಲ್ಲಿ ಮೂರು ಕಿಲೋಮೀಟರ್ ಒಳಗೆ ಇದೆ. ಗ್ರಂಥಾಲಯವೆಂದರೆ ಒಂದು ಕೋಣೆ, ನಾಲ್ಕು ಕಪಾಟು, ಎರಡು ಬೆಂಚು. ಅದರ ಗೋಡೆಗೆ ಹತ್ತಿಕೊಂಡೇ ಮುಕ್ರಮನ ಹಿಟ್ಟಿನ ಗಿರಣಿ. ಗಿರಣಿ ಶುರುವಾಯಿತೆಂದರೆ ಕಪಾಟಿನ ಗಾಜು ನಡುಗುತ್ತದೆ, ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ನಿವೃತ್ತನಾದ ಮೇಲೆ ಪತ್ರಿಕೆ ಓದಲು ನಾನು ದಿನಾ ಹೋಗುವ ಜಾಗ ಅದು.

ಯಶೋಧರಾ ಕೂಲಿ ಮಾಡುತ್ತಿದ್ದ ಮಲ್ಕಪ್ಪನ ಮಗಳು. ಮಲ್ಕಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಓದಿಸಿ ಕೇಳುವ ಹುಚ್ಚು ವಿಪರೀತ. ಭಾನುವಾರ ಬುದ್ಧವಿಹಾರದ ಕಟ್ಟೆಯ ಮೇಲೆ ಓಣಿಯ ಹಿರಿಯರನ್ನೆಲ್ಲ ಕೂಡಿಸಿ, ಏಳು ವರ್ಷದ ಮಗಳ ಕೈಗೆ ಪತ್ರಿಕೆ ಕೊಡುತ್ತಿದ್ದ. ಅವಳು ಒಂದು ತುಣುಕು ಓದಿ ನಿಲ್ಲಬೇಕು, ಕೇಳುವವರು ‘ಹೂಂ’ ಅನ್ನಬೇಕು. ಕಥೆ ಹೇಳುವಾಗ ನಮ್ಮಲ್ಲಿರುವ ಪದ್ಧತಿಯೇ ಅದು, ಹೂಂ ಅನ್ನುವವರಿಲ್ಲದೆ ಕಥೆ ಮುಂದೆ ಹೋಗುವುದಿಲ್ಲ. ಹೂಂ ಬರಲಿಲ್ಲವೆಂದರೆ ತಿಳಿಯಲಿಲ್ಲ ಎಂದು ಅರ್ಥ, ಹುಡುಗಿ ಅದನ್ನೇ ಮತ್ತೊಮ್ಮೆ ಓದುತ್ತಿದ್ದಳು. ಓದಿ ನಿಲ್ಲುವ ಆ ರೂಢಿ ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಕಲಬುರಗಿಯಲ್ಲಿ ಬಿ.ಎ. ಮುಗಿಸಿ, ಹದಿನೈದು ವರ್ಷದ ಹಿಂದೆ ಅವಳು ಗ್ರಂಥಾಲಯದ ಮೇಲ್ವಿಚಾರಕಿಯಾಗಿ ಬಂದಾಗ ಒಳಗೆ ಬಂದು ಬೆಂಚಿನ ಮೇಲೆ ಕೂರಲು ಕೆಲವರು ಹಿಂದೆಮುಂದೆ ನೋಡಿದರು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಯಾರಿಗೂ ಏನೂ ಅನ್ನಲಿಲ್ಲ. ಕಣ್ಣು ಮಂಜಾದವರಿಗೆ ಸರ್ಕಾರದ ಕಾಗದ ಓದಿ ಹೇಳಿದಳು, ವಜೀರುನ್ನಿಸಾ ಮುದುಕಿಗೆ ದವಾಖಾನೆಯ ಚೀಟಿ ಓದಿ ಯಾವ ಗುಳಿಗೆ ಯಾವಾಗ ಎಂದು ತಿಳಿಸಿದಳು. ವರ್ಷ ತುಂಬುವುದರೊಳಗೆ ಹಿಂದೆಮುಂದೆ ನೋಡಿದವರೇ ಕಾಗದ ಹಿಡಿದು ಅವಳ ಮೇಜಿನ ಮುಂದೆ ನಿಂತಿದ್ದರು.

ಬಸ್ ನಿಲ್ದಾಣದಲ್ಲಿ ಚಹಾದಂಗಡಿ ಇಟ್ಟಿರುವ ಜಗದೇವಪ್ಪನ ಮಗಳು ಭಾಗ್ಯಜ್ಯೋತಿಗೆ ಹುಟ್ಟಿನಿಂದ ಕಣ್ಣಿಲ್ಲ. ಹುಡುಗಿ ಬಲು ಚುರುಕು. ಜೇವರ್ಗಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು, ಮುಂದೆ ಟೀಚರ್ ಆಗಬೇಕೆಂಬುದು ಅವಳ ಆಸೆ. ಒಂದು ಸಲ ಫೇಲಾದರೆ ಮನೆಯಲ್ಲಿ ಕೂರಬೇಕು ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಪರೀಕ್ಷೆಯಲ್ಲಿ ಅಂಥ ಮಕ್ಕಳ ಪರವಾಗಿ ಬರೆಯಲು ಒಬ್ಬರನ್ನು ಕೊಡುತ್ತಾರೆ. ಅದಕ್ಕಿಂತ ಮೊದಲು ಓದಿ ಹೇಳಲು ಒಬ್ಬರು ಬೇಕಲ್ಲ, ಅವರನ್ನು ಯಾರೂ ಕೊಡುವುದಿಲ್ಲ. ಅವಳ ಓದಿಗೆ ಬ್ರೈಲ್ ಪುಸ್ತಕ ಸಿಗಲಿಲ್ಲ. ಫೋನಿಗೆ ಕನ್ನಡ ಪುಟದ ಫೋಟೋ ತೋರಿಸಿ ಓದಿಸಿದರೆ ಅದು ತೊದಲುತ್ತಿತ್ತು.

ಯಶೋಧರಾ ಗ್ರಂಥಾಲಯಕ್ಕೆಂದು ಕೊಂಡಿದ್ದ ಇತಿಹಾಸದ ಗೈಡನ್ನು ತೆಗೆದುಕೊಂಡು ತನ್ನ ಫೋನಿನಲ್ಲಿ ಓದಿ ರೆಕಾರ್ಡ್ ಮಾಡತೊಡಗಿದಳು. ಆದರೆ ಗಿರಣಿಯ ಸದ್ದಿನಲ್ಲಿ ಅದು ಆಗುವುದು ಹೇಗೆ? ಅದಕ್ಕವಳು ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದಳು. ಊರೆಲ್ಲ ಕರೆಂಟ್ ಹೋಯಿತೆಂದು ಬೈಯುವಾಗ ಇವಳೊಬ್ಬಳು ಖುಷಿಯಾಗಿ ಬಾಗಿಲು ಮುಂದೆ ಮಾಡಿ, ಗೈಡು ತೆರೆದು ಕೂರುತ್ತಿದ್ದಳು. ಒಂದು ತುಣುಕು ಓದುವುದು, ಹೂಂ ಅನ್ನುವಷ್ಟು ಹೊತ್ತು ಬಿಡುವುದು, ಮತ್ತೆ ಓದುವುದು. ನಡುವೆಯೇ ಗಿರಣಿ ಗುರ್ ಎಂದರೆ, ‘ಕರೆಂಟ್ ಬಂತು ನೋಡವ್ವ, ಉಳಿದದ್ದು ನಾಳಿ’ ಎಂದು ನಿಲ್ಲಿಸುತ್ತಿದ್ದಳು. ಹೀಗೆ ಹನ್ನೆರಡು ಪಾಠಕ್ಕೆ ನೂರಾ ನಲವತ್ತು ತುಣುಕಾದವು. ಭಾಗ್ಯಜ್ಯೋತಿ ಅವನ್ನು ತನ್ನ ಫೋನಿಗೆ ಹಾಕಿಸಿಕೊಂಡು ಬಸ್ಸಿನಲ್ಲಿ ಕೇಳುತ್ತ, ಸರಿಯಾದ ಜಾಗದಲ್ಲಿ ಹೂಂ ಅನ್ನುತ್ತ ಕಾಲೇಜಿಗೆ ಹೋಗುತ್ತಿದ್ದಳು.

ಆ ಬಸ್ಸಿನಲ್ಲೇ ಒಂದು ದಿನ ಮಹೇಶಕುಮಾರ ಇದ್ದ. ಜೇವರ್ಗಿಯಲ್ಲಿ ಗೈಡು, ನೋಟ್‌ಬುಕ್ ಮಾರುವ ಅಂಗಡಿ ಅವನದು. ತನ್ನ ಅಂಗಡಿಯ ಗೈಡಿನ ಮಾತೇ ಫೋನಿನಿಂದ ಬರುತ್ತಿದೆ, ಪಕ್ಕದ ಸೀಟಿನಲ್ಲಿದ್ದ ಅವಳ ಕಾಲೇಜಿನ ಜೀನತ ಮತ್ತು ಇನ್ನಿಬ್ಬರು ಹುಡುಗಿಯರೂ ಕಿವಿಗೊಟ್ಟು ಕೂತಿದ್ದಾರೆ ಎಂಬುದನ್ನು ಕಂಡು, ಓದಿದವರು ಯಾರೆಂದು ಕೇಳಿ ತಿಳಿದು, ಪ್ರಕಾಶಕರಿಗೆ ಸುದ್ದಿ ಮುಟ್ಟಿಸಿದ. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತಿಗೂ ಟಿಕೆಟ್ ತೆಗೆಸುವ ಜನ ಇವರು! ಗೈಡು ಬರೆದವನಿಗೂ ಹೊಟ್ಟೆಯಿದೆ, ಅವನ ಪುಸ್ತಕವನ್ನು ಕದ್ದು ಅಚ್ಚು ಹಾಕಿ ಮಾರಿದವರಿಗೆ ಜೈಲಾಗಲಿ, ನಾನೇ ಸಾಕ್ಷಿ ಹೇಳುತ್ತೇನೆ. ಆದರೆ ಕಣ್ಣಿಲ್ಲದವರಿಗೆಂದು ಆ ಪ್ರಕಾಶಕ ಒಂದು ಪುಟವನ್ನೂ ತಯಾರಿಸಿರಲಿಲ್ಲ. ಅಂಗಡಿಯಲ್ಲೇ ಇಲ್ಲದ ಮಾಲಿಗೆ ನಷ್ಟ ಎಲ್ಲಿಂದ ಬಂತು?

ಜನವರಿ ಕೊನೆಗೆ ವಕೀಲರ ನೋಟಿಸು ಬಂತು, ಒಂದು ಪ್ರತಿ ಗ್ರಂಥಾಲಯಕ್ಕೆ, ಒಂದು ಗ್ರಂಥಾಲಯಗಳನ್ನು ನೋಡಿಕೊಳ್ಳುವ ತಾಲೂಕು ಕಚೇರಿಗೆ. ಪೂರಾ ಇಂಗ್ಲಿಷ್. ಯಶೋಧರಾ ಅದನ್ನು ನನ್ನ ಕೈಗೆ ಕೊಟ್ಟಳು. ಕೃತಿಸ್ವಾಮ್ಯದ ಉಲ್ಲಂಘನೆ, ಮೂರು ವರ್ಷದವರೆಗೆ ಜೈಲು, ಎಲ್ಲ ಪ್ರತಿಗಳನ್ನೂ ಕೂಡಲೇ ನಾಶ ಮಾಡತಕ್ಕದ್ದು. ಅದೇ ದಿನ ತಾಲೂಕಿನ ಸಾಹೇಬರು ಫೋನ್ ಮಾಡಿ, ಅಳಿಸಿದ ಬಗ್ಗೆ ಬರೆದುಕೊಡದಿದ್ದರೆ ಕೆಲಸ ಉಳಿಯುವುದಿಲ್ಲ ಎಂದರು. ಅವಳು ನನ್ನ ಮುಖ ನೋಡಿದಳು. ಇಷ್ಟು ವರ್ಷ ಊರಿಗೆಲ್ಲ ಕಾಗದ ಓದಿ ಹೇಳಿದವಳಿಗೆ ಆ ಒಂದು ಕಾಗದವನ್ನು ನಾನು ಓದಿ ಹೇಳಬೇಕಿತ್ತು. ಓದಿದೆ, ಆದರೆ ಕಾಯಿದೆ ನಿಜಕ್ಕೂ ಏನು ಹೇಳುತ್ತದೆಂದು ನೋಡಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಗೆ ಸೇರಿದವನು ನಾನು. ಅಳಿಸಿಬಿಡು ತಾಯಿ ಎಂದೆ.

ಅವಳು ತನ್ನ ಫೋನಿನಲ್ಲಿದ್ದುದನ್ನು ಅಳಿಸಿದಳು. ಭಾಗ್ಯಜ್ಯೋತಿಯ ಫೋನಿನಲ್ಲಿದ್ದುದನ್ನು ಅಳಿಸಲು ಅವಳಿಗೆ ಕೈ ಬರಲಿಲ್ಲ, ಎದ್ದು ಹೊರಗೆ ಹೋದಳು. ಆ ಕೆಲಸ ನಾನು ಮಾಡಿದೆ. ಬೆಂಚಿನ ಮೇಲೆ ಕೂತು, ಒಂದೊಂದನ್ನೇ ಒತ್ತಿ, ನೂರಾ ನಲವತ್ತು ತುಣುಕನ್ನೂ ನನ್ನ ಬೆರಳಿನಿಂದ ಅಳಿಸಿದೆ. ಹುಡುಗಿ ಪಕ್ಕದಲ್ಲೇ ಕೂತಿದ್ದಳು.

“ಎಲ್ಲಾ ಹೋದವೇನ್ರಿ ಸರ?” ಎಂದು ಕೇಳಿದಳು.

ಹೂಂ ಎಂದೆ.

ಅವಳು ಫೋನು ತೆಗೆದುಕೊಂಡು, ಗೋಡೆ ಹಿಡಿದು ನಡೆದು ಹೋದಳು. ಆಗ ಅವಳು ಪೂರ್ತಿ ಕೇಳಿದ್ದು ಎರಡೇ ಪಾಠ. ತರಗತಿಯಲ್ಲಿ ಕೇಳಿ ನೆನಪಿಟ್ಟ ಮಿಕ್ಕ ವಿಷಯಗಳನ್ನು ಮೊದಲು ಮುಗಿಸಿ ಇತಿಹಾಸವನ್ನು ಕೊನೆಗೆಂದು ಉಳಿಸಿಕೊಂಡಿದ್ದಳು.

ಮೂರು ವಾರ ಕಳೆದ ಮೇಲೆ ನನ್ನ ಬೇರೆ ಕೆಲಸಕ್ಕೆ ಕಲಬುರಗಿಗೆ ಹೋಗಿದ್ದೆ. ಅಲ್ಲಿ ವಕೀಲಿ ಮಾಡುವ ಅನೀಲಕುಮಾರ ನನ್ನ ಹಳೇ ವಿದ್ಯಾರ್ಥಿ. ಮಾತಿಗೆ ಮಾತು ಬಂದು ನೋಟಿಸಿನ ಸಂಗತಿ ಹೇಳಿದೆ. ಅವನು ಕಪಾಟಿನಿಂದ ಕಾಯಿದೆಯ ಪುಸ್ತಕ ತೆಗೆದು ಐವತ್ತೆರಡನೇ ಕಲಮಿನ ಮೇಲೆ ಬೆರಳಿಟ್ಟ. ಅಂಗವಿಕಲರಿಗೆ ಓದಲು, ಕೇಳಲು ಬರುವ ರೂಪಕ್ಕೆ ಪುಸ್ತಕವನ್ನು ಮಾಡಿಕೊಳ್ಳುವುದು, ಅವರ ಓದಿಗಾಗಿ ಅವರಿಗೆ ಕೊಡುವುದು ಉಲ್ಲಂಘನೆಯಲ್ಲ. ಯಾವ ವ್ಯಕ್ತಿಯಾದರೂ ಮಾಡಬಹುದು. ೨೦೧೨ರಿಂದಲೇ ಅದು ಅಲ್ಲಿದೆ.

“ಸರ, ನೀವ ಇಂಗ್ಲಿಷ್ ಕಲಿಸಿದವರು. ಓದ್ಲಿಲ್ಲೇನ್ರಿ?” ಎಂದ ಅನೀಲಕುಮಾರ.

ಮೆಲ್ಲಗೇ ಅಂದ. ಅದಕ್ಕಿಂತ ಅವನು ಚಪ್ಪಲಿ ಬಿಚ್ಚಿ ಹೊಡೆದಿದ್ದರೆ ವಾಸಿಯಿತ್ತು. ಆ ಪುಟದ ಪ್ರತಿ ತೆಗೆಸಿಕೊಂಡು ಊರಿಗೆ ಬಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ನೋಟಿಸು ಬರೆದ ವಕೀಲನನ್ನು ಬೈದೆ, ಸಾಹೇಬರನ್ನು ಬೈದೆ, ಹೆಚ್ಚಿನ ಬೈಗುಳ ನನಗೇ ಇಟ್ಟುಕೊಂಡೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಕಾಯಿದೆ ಕೊಟ್ಟದ್ದನ್ನು ಕಸಿದುಕೊಂಡ ಪೂಜಾರಿಗಳಲ್ಲಿ ನಾನೂ ಒಬ್ಬ.

ಮರುದಿನವೇ ತಾಲೂಕಿನ ಸಾಹೇಬರು ಗ್ರಂಥಾಲಯಕ್ಕೆ ಬಂದರು, ಜೊತೆಗೆ ಮಹೇಶಕುಮಾರ. ನಿಜವಾಗಿ ಅಳಿಸಿದ್ದಾರೋ ಇಲ್ಲವೋ ನೋಡಬೇಕಂತೆ. ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಭಾಗ್ಯಜ್ಯೋತಿಯನ್ನೂ ಫೋನಿನ ಸಮೇತ ಕರೆಸಿದರು. ನಾನು ಕಾಯಿದೆಯ ಪುಟ ಮುಂದಿಟ್ಟೆ. ಸಾಹೇಬರು ಅದನ್ನು ಓದಲೂ ಇಲ್ಲ, ಮಡಚಿ ವಾಪಸು ಕೊಟ್ಟರು. ಇದನ್ನೆಲ್ಲ ಕೋರ್ಟಿನಲ್ಲಿ ಹೇಳಿಕೊಳ್ಳಿ, ನನಗೆ ವರದಿ ಬೇಕು ಅಷ್ಟೇ ಎಂದರು. ಕಲ್ಲಿನಾಥ ಮಾಸ್ತರರಿಗೆ ಈ ವಯಸ್ಸಿನಲ್ಲಿ ವಕೀಲಿಯ ಹುಚ್ಚು ಯಾಕೆ ಎಂದು ಮಹೇಶಕುಮಾರ ನನ್ನ ಕಡೆ ನೋಡಿ ನಕ್ಕ. ಆಮೇಲೆ ಹುಡುಗಿಯ ಫೋನು ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದ. ಏನೂ ಸಿಗಲಿಲ್ಲ.

ಆಗ ಭಾಗ್ಯಜ್ಯೋತಿ ಎದ್ದು ನಿಂತಳು. ಕೈ ಕಟ್ಟಿಕೊಂಡು, ಯಾರ ಕಡೆಗೂ ಅಲ್ಲದೆ, ಯಶೋಧರಾಳ ಧಾಟಿಯಲ್ಲೇ ಶುರು ಮಾಡಿದಳು: ಕರ್ನಾಟಕದ ಏಕೀಕರಣ, ಹಿನ್ನೆಲೆ. ಕನ್ನಡ ಮಾತನಾಡುವ ಜನ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ನಿಂತಳು, ಹೂಂ ಅನ್ನುವಷ್ಟು ಹೊತ್ತು. ಮತ್ತೆ ಮುಂದುವರಿದಳು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಮತ್ತೆ ನಿಂತಳು. ಮೂರು ಪುಟ ಹಾಗೇ ಹೇಳಿದಳು, ಕೊನೆಗೆ ಅದೇ ಉಸಿರಿನಲ್ಲಿ, “ಕರೆಂಟ್ ಬಂತು ನೋಡವ್ವ, ಉಳಿದದ್ದು ನಾಳಿ” ಎಂದು ಮುಗಿಸಿದಳು. ಅದೂ ಪಾಠದಲ್ಲೇ ಇದ್ದ ಮಾತು ಅವಳಿಗೆ. ಯಶೋಧರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಸಾಹೇಬ್ರ, ಇಷ್ಟು ನನ್ನ ತಲ್ಯಾಗ ಉಳದದರಿ,” ಎಂದಳು ಹುಡುಗಿ. “ಇದನ್ನೂ ಅಳಸ್ಬೇಕೇನ್ರಿ? ಹ್ಯಾಂಗ ಅಂತ ಹೇಳ್ರಿ.”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಮಹೇಶಕುಮಾರ ಫೋನನ್ನು ಮೇಜಿನ ಮೇಲೆ ಇಟ್ಟ.

ಯಶೋಧರಾ ಎದ್ದು ಕಪಾಟಿನಿಂದ ಗೈಡು ತೆಗೆದಳು. ಅಲ್ಲಿಯವರೆಗೆ ಇಲ್ಲದ ಕರೆಂಟ್ ಆಗಲೇ ಬಂದು, ಗಿರಣಿ ಶುರುವಾಯಿತು. ಕರೆಂಟ್ ಹೋಗುವುದನ್ನು ಕಾಯುವಷ್ಟು ದಿನ ಈಗ ಉಳಿದಿರಲಿಲ್ಲ. ಅವಳು ಗಿರಣಿಗೆ ಹೋಗಿ ಮುಕ್ರಮನಿಗೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಬೆಲ್ಟಿನ ಸದ್ದು ಇಳಿದು, ಗಿರಣಿ ನಿಂತಿತು. ಜೋಳದ ಡಬ್ಬಿ ಹಿಡಿದು ಪಾಳಿ ಕಾಯುತ್ತಿದ್ದ ಹೆಂಗಸರು, ಏನಾಯಿತೆಂದು ನೋಡಲು ಗ್ರಂಥಾಲಯದ ಬಾಗಿಲಿಗೆ ಬಂದರು. ಅವರ ನಡುವೆಯೇ ದಾರಿ ಮಾಡಿಕೊಂಡು ಯಶೋಧರಾ ಒಳಗೆ ಬಂದಳು.

“ಬರ್ಕೊಳ್ರಿ ಸಾಹೇಬ್ರ,” ಎಂದಳು. “ಯಶೋಧರಾ ಓದಾಕತ್ತಾಳ ಅಂತ ಬರ್ಕೊಳ್ರಿ. ಟೈಮೂ ಹಾಕ್ರಿ.”

ಅಂದಿನಿಂದ ಪರೀಕ್ಷೆಯವರೆಗೆ ಮುಕ್ರಮ ದಿನಾ ಮಧ್ಯಾಹ್ನ ಎರಡು ತಾಸು ಗಿರಣಿ ನಿಲ್ಲಿಸಿದ, ಹಿಟ್ಟಿಗೆ ಬಂದವರು ಕಾದರು. ಉಳಿದ ಹತ್ತು ಪಾಠಗಳಲ್ಲಿ ಒಂಬತ್ತು ಮುಗಿದವು. ಮುಗಿಯದ ಒಂದು ಪಾಠದಿಂದಲೇ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಭಾಗ್ಯಜ್ಯೋತಿ ಪಾಸಾದಳು, ಆದರೆ ಆ ಹತ್ತು ಅಂಕ ಅವಳಿಂದ ಕಸಿದದ್ದು, ಕಸಿದ ಕೈ ನನ್ನದು. ಸಾಹೇಬರ ವರದಿಯ ಮೇಲೆ ಯಶೋಧರಾಳಿಗೆ ಕಾರಣ ಕೇಳಿ ಒಂದು ಕಾಗದ ಬಂತು. ಅದಕ್ಕೆ ನಾನು ಐವತ್ತೆರಡನೇ ಕಲಮು ಹಾಕಿ ಇಂಗ್ಲಿಷಿನಲ್ಲಿ ಎಂಟು ಪುಟ ಉತ್ತರ ಬರೆದುಕೊಟ್ಟೆ. ಇವತ್ತಿನವರೆಗೆ ಯಾರೂ ಮರುಮಾತಾಡಿಲ್ಲ, ತಪ್ಪಾಯಿತು ಅಂತಲೂ ಅಂದಿಲ್ಲ.

ಆ ಮೊದಲ ದಿನ, ಗಿರಣಿ ನಿಂತ ಮೇಲೆ, ಯಶೋಧರಾ ಫೋನನ್ನು ಮೇಜಿನ ಮೇಲಿಟ್ಟು ಉಳಿದ ಪಾಠಗಳಲ್ಲಿ ಮೊದಲನೆಯದರ ಮೊದಲ ತುಣುಕು ಓದಿದಳು. ಓದಿ, ರೂಢಿಯಂತೆ ನಿಂತಳು. ಭಾಗ್ಯಜ್ಯೋತಿ ಹೂಂ ಅನ್ನಲಿಲ್ಲ. ನಾನು ಕೂತಿದ್ದ ಕಡೆಗೆ ಮುಖ ತಿರುಗಿಸಿದಳು.

“ಸರ, ಈ ಸಲ ನೀವ ಅನ್ರಿ,” ಎಂದಳು.

ಹೂಂ ಎಂದೆ.